ರಾಯಚೂರು ಕೋಟೆ ನಡಿಗೆ: 28 ಜನ, ಅರ್ಧ ದಿನ. ಯಾವುದು ಮೊದಲು, ಯಾವುದು ಆಮೇಲೆ?

ಸಿಂಧನೂರು_ಟೀಚರ್

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯ ಭಾನುವಾರ 28 ಜನರಿಗೆ ರಾಯಚೂರು ತೋರಿಸಬೇಕಾಗಿದೆ. ಮೈಸೂರು, ಶಿವಮೊಗ್ಗ ಕಡೆಯ ಶಿಕ್ಷಕರು ಮತ್ತು ಅವರ ಮನೆಯವರು. ನಾಲ್ವರು 65 ದಾಟಿದವರು, ಆರು ಮಕ್ಕಳು. ಹೆಚ್ಚಿನವರಿಗೆ ರಾಯಚೂರು ಅಂದರೆ ಬಿಸಿಲು, ಶಕ್ತಿನಗರದ ವಿದ್ಯುತ್ ಸ್ಥಾವರ, ಇಷ್ಟೇ ಗೊತ್ತು.

ನಾನು ಹಾಕಿಕೊಂಡ ಕ್ರಮ: ಬೆಳಿಗ್ಗೆ 6.45ಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ಸೇರುವುದು, ಮೊದಲು ದೊಡ್ಡ ಕಲ್ಲಿನ ಶಾಸನ, ಆಮೇಲೆ ಬಾಲಾ ಹಿಸಾರ್ ಗುಡ್ಡ, ನವರಂಗಿ ದರ್ವಾಜಾ, ಕೊನೆಗೆ ಏಕ್ ಮಿನಾರ್ ಮಸೀದಿ. ಮಧ್ಯಾಹ್ನ 12.30ರೊಳಗೆ ಊಟಕ್ಕೆ ಕೂಡಿಸಬೇಕು. ಈ ಕ್ರಮ ಸರಿ ಇದೆಯಾ? ಎಲ್ಲಿ ಎಷ್ಟು ಹೊತ್ತು ಬೇಕು? ಕಾಕತೀಯರು, ಬಹಮನಿ, ವಿಜಯನಗರ, ಆದಿಲ್‌ಶಾಹಿ, ನಿಜಾಮರು, ಇಷ್ಟನ್ನೂ ತಲೆ ಕೆಡದ ಹಾಗೆ ಹೇಳುವುದು ಹೇಗೆ? ಊರಿನವರು, ಗೈಡ್ ಕೆಲಸ ಮಾಡುವವರು ದಯವಿಟ್ಟು ತಿಳಿಸಿ.

ಬುರುಜಿನ_ಮೇಲೆ

ಟೀಚರ್, ನಿಲ್ಲುವ ಜಾಗಗಳು ಸರಿಯಾಗಿವೆ, ಕ್ರಮ ಬದಲಿಸಬೇಕು. ಗುಡ್ಡ ಮೊದಲು. ನವೆಂಬರಿನಲ್ಲೂ ಒಂಬತ್ತೂವರೆ ಆದರೆ ಬಂಡೆ ಕಾಯುತ್ತದೆ, ಮೇಲೆ ನೆರಳು ಕಡಿಮೆ. ಸುತ್ತಲಿನ ಬಯಲಿನಿಂದ ಗುಡ್ಡದ ಎತ್ತರ ಸುಮಾರು 290 ಅಡಿ. ಒಬ್ಬರೇ ಹತ್ತಿದರೆ 15 ನಿಮಿಷ ಸಾಕು, 24 ಜನರ ಗುಂಪಿಗೆ 35 ನಿಮಿಷ ಹಿಡಿಯಿರಿ, ಇಳಿಯಲು 25. ಜನ ಜಾರುವುದು ಇಳಿಯುವಾಗ. ಮೆಟ್ಟಿಲು ಒಂದು ಎತ್ತರ, ಒಂದು ತಗ್ಗು, ನಡುನಡುವೆ ಬರೀ ಬಂಡೆ, ಕಾಲಿಟ್ಟು ಕಾಲಿಟ್ಟು ನುಣುಪಾಗಿದೆ. ಚಪ್ಪಲಿ ಬೇಡ, ಹಿಂಬದಿಗೆ ಪಟ್ಟಿ ಇರುವ ರಬ್ಬರ್ ತಳದ ಶೂ ಹಾಕಿಕೊಂಡು ಬರಲಿ ಅಂತ ಹಿಂದಿನ ದಿನವೇ ವಾಟ್ಸಾಪ್‌ನಲ್ಲಿ ಹಾಕಿಬಿಡಿ.

ಹಿರಿಯರು ನಾಲ್ವರನ್ನು ಹತ್ತಿಸಬೇಡಿ. ಅವರು 8.45ಕ್ಕೆ ನೇರ ನಾಷ್ಟಾಕ್ಕೆ ಬಂದು ಕೂಡಿಕೊಳ್ಳಲಿ. ಈ ಮಾತನ್ನೂ ಮೊದಲೇ ಹೇಳಿ. ಗುಡ್ಡದ ಬುಡದಲ್ಲಿ ನಿಂತು ಹೇಳಿದರೆ ಅವರಿಗೆ ಮನಸ್ಸಿಗೆ ಹತ್ತುತ್ತದೆ, "ನಾವೂ ಬರ್ತೀವಿ" ಅಂತ ಹೊರಡುತ್ತಾರೆ.

ಮೇಲೆ ಹೋದ ಕೂಡಲೇ ಇತಿಹಾಸ ಶುರು ಮಾಡಬೇಡಿ. ಐದು ನಿಮಿಷ ಉಸಿರು ತೆಗೆದುಕೊಳ್ಳಲಿ, ನೀರು ಕುಡಿಯಲಿ, ತಲೆಗೆ ಅರ್ಧ ಲೀಟರ್ ಸಾಕು. ಆಮೇಲೆ ಎರಡು ಗೋಡೆ ತೋರಿಸಿ. ಒಳಗಿನದು ಕಾಕತೀಯರ ಕಾಲದ್ದು: ಭಾರಿ ಕಲ್ಲುಗಳನ್ನು ಕೆತ್ತಿ, ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ್ದು. ಹೊರಗಿನದು ಆಮೇಲಿನ ಸುಲ್ತಾನರ ಕಾಲದ್ದು, ಅದರಾಚೆ ಕಂದಕ. ದರ್ವಾಜಾಗಳನ್ನು ದಿಕ್ಕಿನಿಂದ ಹೇಳಿಕೊಡಿ: ಪಶ್ಚಿಮಕ್ಕೆ ಮೆಕ್ಕಾ, ಉತ್ತರಕ್ಕೆ ನವರಂಗಿ, ಪೂರ್ವಕ್ಕೆ ಕಾಟಿ, ದಕ್ಷಿಣಕ್ಕೆ ಖಂದಕ್, ನೈಋತ್ಯಕ್ಕೆ ದೊಡ್ಡಿ. ಒಳಕೋಟೆಗೆ ಎರಡೇ: ಪಶ್ಚಿಮಕ್ಕೆ ಸೈಲಾನಿ, ಪೂರ್ವಕ್ಕೆ ಸಿಕಂದರಿ. ಇದನ್ನು ಮೇಲಿಂದ ಕೈ ಮಾಡಿ ತೋರಿಸಿದರೆ ಕೆಳಗಿಳಿದ ಮೇಲೆ ಯಾರಿಗೂ ದಿಕ್ಕು ತಪ್ಪುವುದಿಲ್ಲ. ಕೆಳಗೆ ಓಣಿಗಳು, ಅಂಗಡಿಗಳು ಗೋಡೆಗೆ ಅಂಟಿಕೊಂಡಿವೆ, ಅಲ್ಲಿ ನಿಂತು ಕೋಟೆಯ ಆಕಾರ ಹಿಡಿಯುವುದು ಆಗದ ಮಾತು.

20 ಅಡಿಗೂ ಉದ್ದದ ತೋಪು ಮೇಲಿದೆ. ಮಕ್ಕಳು ಅದರ ಮೇಲೆ ಕುದುರೆ ಸವಾರಿ ಮಾಡಲು ಹೊರಡುತ್ತಾರೆ, ಅಲ್ಲೊಬ್ಬರನ್ನು ನಿಲ್ಲಿಸಿ. ಅಂಚಿಗೆ ಕಟಾಂಜನ ಇದೆ ಅಂತ ನಂಬಿ ನಡೆಯುವ ಜಾಗ ಅಲ್ಲ ಅದು.

ಇಡೀ ನಡಿಗೆಗೆ ಮುಂದೊಬ್ಬರು, ಹಿಂದೊಬ್ಬರು ಬೇಕೇ ಬೇಕು. ಹಿಂದಿನವರ ಕೆಲಸ ಎಣಿಸುವುದೊಂದೇ. ರಸ್ತೆ ದಾಟಿದಾಗಲೆಲ್ಲ ಎಣಿಸಬೇಕು.

ಅಕ್ಷರ_ಜಾಡು

ಶಾಸನದ ಬಗ್ಗೆ ಒಂದು ಮಾತು, ಸ್ವಲ್ಪ ಉದ್ದ ಆಗುತ್ತದೆ. ಬೆಳಿಗ್ಗೆ 6.45ಕ್ಕೆ ಅಲ್ಲಿಗೆ ಕರಕೊಂಡು ಹೋದರೆ ಅವರಿಗೆ ಕಾಣುವುದು ಒಂದು ಉದ್ದನೆಯ ಕಲ್ಲು, ಅಷ್ಟೇ.

ಆ ಕಲ್ಲು ಇರುವುದು ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ. ಮಧ್ಯಾಹ್ನದವರೆಗೂ ಗೋಡೆ ತನ್ನದೇ ನೆರಳಲ್ಲಿರುತ್ತದೆ. ಅಕ್ಷರಗಳೂ, ಪಕ್ಕದ ಚಿತ್ರವೂ ಆಳವಾಗಿ ಕೊರೆದವಲ್ಲ, ಗೀರಿನಂಥವು. ನೆರಳಲ್ಲಿ ಗೀರು ಕಲ್ಲಿನ ಬಣ್ಣದಲ್ಲೇ ಕರಗಿಬಿಡುತ್ತದೆ. ನವೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ರಾಯಚೂರಿನಲ್ಲಿ 12 ದಾಟಿ ಐದಾರು ನಿಮಿಷಕ್ಕೆ ನಡುನೆತ್ತಿ ದಾಟುತ್ತಾನೆ. ಆಗಿನಿಂದ ಸುಮಾರು ಮುಕ್ಕಾಲು ಗಂಟೆ ಬಿಸಿಲು ಗೋಡೆಯನ್ನು ಸವರಿಕೊಂಡು ಬೀಳುತ್ತದೆ. ಒಂದೊಂದು ಗೀರಿಗೂ ಒಂದು ಸಣ್ಣ ನೆರಳು ಹುಟ್ಟುತ್ತದೆ, ಇಲ್ಲದ ಚಿತ್ರ ಎದ್ದು ಬಂದ ಹಾಗೆ ಕಾಣುತ್ತದೆ. ಮೂರು ಗಂಟೆಯ ಮೇಲೆ ಬಿಸಿಲು ಎದುರಿಗೇ ಬಡಿದು ಮತ್ತೆ ಎಲ್ಲ ಸಪಾಟು. ಹಾಗಾಗಿ ಶಾಸನವನ್ನು ಕೊನೆಗೆ, 12.10ಕ್ಕೆ ಇಟ್ಟುಕೊಳ್ಳಿ. ಊಟ ಒಂದು ಗಂಟೆಗೆ ಹೋದರೆ ಹೋಗಲಿ. ಮೋಡ ಇದ್ದರೆ ಬೇಕಾಗುತ್ತದೆ, ಒಂದು ಒಳ್ಳೆ ಟಾರ್ಚ್ ಇಟ್ಟುಕೊಳ್ಳಿ. ಬೆಳಕು ಎದುರಿನಿಂದ ಬಿಡಬಾರದು, ಟಾರ್ಚನ್ನು ಗೋಡೆಯ ಪಕ್ಕಕ್ಕೆ ಒಂದು ಗೇಣಿನಷ್ಟು ದೂರ ಹಿಡಿದು ಓರೆಯಾಗಿ ಬಿಡಬೇಕು.

ಸೀಮೆಸುಣ್ಣ, ವಿಭೂತಿ, ನೀರು ಏನನ್ನೂ ಅಕ್ಷರಕ್ಕೆ ಹಚ್ಚಲು ಬಿಡಬೇಡಿ. "ಚೂರು ಸುಣ್ಣ ಸವರಿದರೆ ಎದ್ದು ಕಾಣುತ್ತೆ" ಅನ್ನುವವರು ಗುಂಪಿಗೊಬ್ಬರು ಇದ್ದೇ ಇರುತ್ತಾರೆ. ಪುಡಿ ಗೀರಿನೊಳಗೆ ಕೂತರೆ ಅದನ್ನು ತೆಗೆಯಲು ಉಜ್ಜಬೇಕು, ಉಜ್ಜಿದರೆ ಅಕ್ಷರದ ಅಂಚು ಹೋಯಿತು. 1294ರಿಂದ ಉಳಿದು ಬಂದಿದ್ದನ್ನು ನಾವು ಹಾಳು ಮಾಡುವುದು ಬೇಡ.

ಏನು ಹೇಳಬೇಕು? ಕಲ್ಲಿನ ಉದ್ದ ಸುಮಾರು ನಲವತ್ತೊಂದೂವರೆ ಅಡಿ. ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ. ಅಷ್ಟೇ ಉದ್ದದ ಹಗ್ಗ ಕತ್ತರಿಸಿ ತನ್ನಿ, ಎರಡು ತುದಿಗೆ ಇಬ್ಬರು ಮಕ್ಕಳನ್ನು ನಿಲ್ಲಿಸಿ ರಸ್ತೆ ಬದಿಯಲ್ಲಿ ಎಳೆಸಿ, ಆಮೇಲೆ ಕಲ್ಲಿನ ಕಡೆ ತಿರುಗಿಸಿ. ಎತ್ತರ ಸುಮಾರು ಮೂರಡಿ. ದಪ್ಪ ಗೋಡೆಯೊಳಗೆ ಹೋಗಿದೆ. ಬರೀ ಒಂದಡಿ ಅಂತ ಹಿಡಿದರೂ 124 ಘನ ಅಡಿ ದಾಟುತ್ತದೆ, ಇಂಥ ಕಲ್ಲು ಘನ ಅಡಿಗೆ ಸುಮಾರು 75 ಕೆ.ಜಿ. ತೂಗುತ್ತದೆ. ಒಂಬತ್ತು ಟನ್ ದಾಟಿತು. ಇದನ್ನು ತಂದದ್ದು ಹೇಗೆ ಅಂತ ಮಕ್ಕಳು ಕೇಳುತ್ತಾರೆ, ಆಗ ಪಕ್ಕದ ಚಿತ್ರ ತೋರಿಸಿ. ಉದ್ದನೆಯ ಬಂಡಿ, ಅರೆಕಾಲುಗಳಿಲ್ಲದ ಗಟ್ಟಿ ಗಾಲಿ, ಮುಂದೆ ಸಾಲಾಗಿ ಕಟ್ಟಿದ ಕೋಣಗಳು, ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವವರು. ಇಂಥ ಕೆಲಸದವರ ಹೆಸರು ಶಾಸನಗಳಲ್ಲಿ ಬರುವುದು ಅಪರೂಪ, ಇಲ್ಲಿ ಅವರ ಮೈಬೆವರಿಗೇ ಒಂದು ಚಿತ್ರ ಸಿಕ್ಕಿದೆ. ಇಡೀ ಕೋಟೆಯಲ್ಲಿ ನನಗೆ ಇದಕ್ಕಿಂತ ದೊಡ್ಡದು ಬೇರೆ ಕಾಣುವುದಿಲ್ಲ. ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ಇದೆಯಲ್ಲ, ಆ ಮಾತನ್ನೂ ಇಲ್ಲೇ ಸೇರಿಸಿ, ನೋಡುವವರಿಗೆ ಚಿತ್ರ ಇನ್ನಷ್ಟು ಹತ್ತಿರ ಬರುತ್ತದೆ.

ಭಾಷೆ ತೆಲುಗು. ಕಾಕತೀಯರ ಕಡೆಯ ಗೋರೆ ಗನ್ನಯರೆಡ್ಡಿಯ ಸೇನಾನಿ ವಿಠಲನಾಥ ಆದವಾನಿ, ಮಾನುವೆ ಮುಂತಾದ ಕೋಟೆಗಳನ್ನು ಗೆದ್ದು ಇಲ್ಲಿ ಕೋಟೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಆದವಾನಿ ಅಂದರೆ ಇವತ್ತಿನ ಆದೋನಿ, ಮಾನುವೆ ನಮ್ಮ ಮಾನ್ವಿ. ಆ ಕಾಲಕ್ಕೆ ಕನ್ನಡ, ತೆಲುಗು ಲಿಪಿ ಇನ್ನೂ ಪೂರ್ತಿ ಬೇರೆಯಾಗಿರಲಿಲ್ಲ. ನಿಮ್ಮ ಮೈಸೂರಿನ ಶಿಕ್ಷಕರಿಗೆ ನಾಲ್ಕೈದು ಅಕ್ಷರವಾದರೂ ಗುರುತು ಸಿಕ್ಕೇ ಸಿಗುತ್ತದೆ. ಹೇಳಿಬಿಡಬೇಡಿ, ಐದು ನಿಮಿಷ ಹುಡುಕಲು ಬಿಡಿ.

ತೀನ್_ಕಂದೀಲ್

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ. ಮಸೀದಿ ಕಡೆಯ ಮಾತು ನನ್ನದು.

ಏಕ್ ಮಿನಾರ್‌ಗೆ 11ರ ಸುಮಾರಿಗೆ ಬನ್ನಿ. ಭಾನುವಾರ ಆದ್ದರಿಂದ ತೊಂದರೆ ಇಲ್ಲ. ಯಾರಾದರೂ ಶುಕ್ರವಾರ ಇಟ್ಟುಕೊಂಡರೆ 12ರಿಂದ 2ರವರೆಗೆ ಆ ಕಡೆ ಗುಂಪು ತರಬೇಡಿ, ಜುಮ್ಮಾ ನಮಾಜಿನ ಹೊತ್ತು. ಹಿಂದಿನ ದಿನ ಯಾರಾದರೊಬ್ಬರು ಹೋಗಿ ಮಸೀದಿಯವರಿಗೆ "ನಾಳೆ ಇಷ್ಟು ಜನ ಬರ್ತೀವಿ" ಅಂತ ಹೇಳಿ ಬರಬೇಕು. ಹೇಳದೆ 28 ಜನ ಮೊಬೈಲ್ ಎತ್ತಿಕೊಂಡು ನುಗ್ಗಿದರೆ ಯಾರ ಮನೆಯಲ್ಲಾದರೂ ಮುಖ ಗಂಟಿಕ್ಕುತ್ತಾರೆ. ಕಾಲ್ಮರಿ ಹೊರಗೆ, ತಲೆಗೆ ಸೆರಗು ಅಥವಾ ಕರವಸ್ತ್ರ. ಒಳಗೆ ನಮಾಜು ಮಾಡುವವರಿದ್ದರೆ ಅವರ ಮುಂದೆ ಹಾದು ಹೋಗಬಾರದು, ಫೋಟೋ ಬೇಡವೇ ಬೇಡ. ಸೊಂಟಕ್ಕೆ ಕಟ್ಟುವ ಸ್ಪೀಕರ್ ಇದ್ದರೆ ಇಲ್ಲಿ ಆಫ್. ಓಣಿಗಳಲ್ಲೂ ಅಷ್ಟೇ, ಕೋಟೆಯೊಳಗೆ ಜನ ಸಂಸಾರ ಮಾಡಿಕೊಂಡಿದ್ದಾರೆ, ಬಾಗಿಲಿಗೆ ನಿಂತು ಭಾಷಣ ಮಾಡಬಾರದು.

ಮಿನಾರ್ ಸುಮಾರು 65 ಅಡಿ ಎತ್ತರ, ಅಡ್ಡಳತೆ ಹತ್ತು ಅಡಿ. ಸಾಮಾನ್ಯವಾಗಿ ಮಸೀದಿಗೆ ಜೋಡಿ ಮಿನಾರ್ ನೋಡಿರುತ್ತಾರೆ, ಇಲ್ಲಿ ಒಂದೇ, ಅದಕ್ಕೇ ಆ ಹೆಸರು. ಫಾರ್ಸಿ ಶಾಸನದ ಪ್ರಕಾರ ಹಿಜರಿ 919, ಅಂದರೆ 1513. ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲ, ಕಟ್ಟಿಸಿದವನು ಅಂಬರ್. ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿದವರಿಗೆ ಆ ದುಂಡು ಮಿನಾರಿನ ತಮ್ಮ ಇದು ಅನ್ನಿಸುತ್ತದೆ. ಒಳಗಿನ ಸುತ್ತು ಮೆಟ್ಟಿಲು ಹತ್ತುವ ಆಸೆ ಮಕ್ಕಳಿಗೆ ಬರುತ್ತದೆ, ಮಸೀದಿಯವರು ಬೇಡ ಅಂದರೆ ಬೇಡ.

ಭಾಷೆಯ ಬಗ್ಗೆಯೂ ಒಂದು ಮಾತು. ಖಂದಕ್ ದರ್ವಾಜಾದ "ಖಂದಕ್" ಉರ್ದು, ನಮ್ಮ "ಕಂದಕ"ವೂ ಅದೇ ಪದ. ದರ್ವಾಜಾ, ದಫ್ತರ, ಜಮೀನು, ರೈತ, ಇವೆಲ್ಲ ಬಂದದ್ದೂ ಅದೇ ದಾರಿಯಲ್ಲಿ. ಮೈಸೂರಿನವರೂ ದಿನಾ ಆಡುವ ಪದಗಳೇ.

ಸಿಂಧನೂರು_ಟೀಚರ್

ಎಲ್ಲರಿಗೂ ತುಂಬು ಧನ್ಯವಾದ. ಕ್ರಮ ಬದಲಿಸಿದೆ: ಗುಡ್ಡ 6.45, ನಾಷ್ಟಾ 8.45, ನವರಂಗಿ 9.45, ಏಕ್ ಮಿನಾರ್ 11, ಶಾಸನ 12.10. ಹಗ್ಗ ಇವತ್ತೇ ತರುತ್ತೇನೆ.

ಇನ್ನೊಂದು ಅನುಮಾನ. 1520ರ ಯುದ್ಧವನ್ನು ಎಲ್ಲಿ ನಿಂತು ಹೇಳಲಿ? ಗುಂಪಿನಲ್ಲಿ ಇದನ್ನು ಹಿಂದೂ-ಮುಸ್ಲಿಂ ಕಾಳಗ ಅಂತಲೇ ಕೇಳಲು ಕಾಯುವವರು ಇರಬಹುದು.

ಮಾನ್ವಿಯವ

ನವರಂಗಿಯಲ್ಲಿ ಹೇಳಿರಿ. ಆ ದರ್ವಾಜಾದ ಕಲ್ಲುಗಳಲ್ಲಿ ಪುರಾಣದ ಕೆತ್ತನೆಗಳಿವೆ, ನಾಗರಹೆಡೆಯ ಕಿರೀಟ ತೊಟ್ಟ ಆಕೃತಿಯೂ ಇದೆ, ಹೆಸರು ಮಾತ್ರ ಫಾರ್ಸಿ ಗತ್ತಿನದು. ಆ ಬಾಗಿಲೇ ನಿಮ್ಮ ಅರ್ಧ ಉತ್ತರ.

ಮೂರು ತಪ್ಪುಗಳು ಮೇಲಿಂದ ಮೇಲೆ ಕೇಳಿ ಬರುತ್ತವೆ. ಕೋಟೆ ಕಟ್ಟಿಸಿದ್ದು ಕೃಷ್ಣದೇವರಾಯ ಅಲ್ಲ, ಅವನು ಬರುವ ಹೊತ್ತಿಗೆ ಒಳಗೋಡೆಗೆ 226 ವರ್ಷ ಆಗಿತ್ತು. 1520ರದ್ದು ತಾಳೀಕೋಟೆ ಯುದ್ಧ ಅಲ್ಲ, ಅದು 1565. ಇನ್ನು, ಕೃಷ್ಣದೇವರಾಯ ಮತ್ತು ಇಸ್ಮಾಯಿಲ್ ಆದಿಲ್ ಶಾಹನ ಸೇನೆಗಳು ಎದುರಾದದ್ದು ಕೋಟೆಯೊಳಗಲ್ಲ, ಉತ್ತರಕ್ಕೆ ಕೃಷ್ಣಾ ನದಿ ಕಡೆಯ ಬಯಲಿನಲ್ಲಿ, 1520ರ ಮೇ 19ರಂದು. ಕೋಟೆಯ ಮುತ್ತಿಗೆ ಬೇರೆ ಸಂಗತಿ.

ಮುತ್ತಿಗೆಯ ವಿವರ ಪೋರ್ಚುಗೀಸ್ ಬರಹಗಾರ ನ್ಯೂನಿಜ್ ಕೊಟ್ಟಿದ್ದಾನೆ. ಗೋಡೆ ಕೀಳುವವರಿಗೆ ಕಿತ್ತ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರು. ಕ್ರಿಸ್ಟೋವಾವ್ ದ ಫಿಗೆರೆದೊ ಅನ್ನುವ ಪೋರ್ಚುಗೀಸನ ಜೊತೆ ಸುಮಾರು 20 ಜನ ಬಂದೂಕಿನವರು, ಗೋಡೆ ಮೇಲೆ ತಲೆ ಎತ್ತಿದವರಿಗೆ ಗುರಿ ಇಟ್ಟರು. ಕೋಟೆಯ ಮುಖ್ಯಸ್ಥ ಬಗ್ಗಿ ನೋಡುವಾಗ ಗುಂಡು ತಗುಲಿ ಸತ್ತ, ಮರುದಿನ ಊರು ಶರಣಾಯಿತು. ವಿಜಯನಗರದ ಪಾಳೆಯದಲ್ಲಿ ಮುಸ್ಲಿಂ ಕುದುರೆ ಸವಾರರಿದ್ದರು, ಇಮ್ಮಡಿ ದೇವರಾಯನ ಕಾಲದಿಂದಲೂ ಇದ್ದವರು. ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ಹೊಲ, ಕಂದಾಯ, ಕೋಟೆಗಳ ಆಸೆ ಎರಡೂ ಕಡೆಗೂ ಇತ್ತು. ಇಷ್ಟನ್ನೇ ಹೇಳಿ. ಹಳೆಯ ಗುಡಿಯ ಕಂಬಗಳನ್ನು ಬಳಸಿದ ದಫ್ತರ್ ಕಿ ಮಸೀದಿ ಬಗ್ಗೆ ಯಾರಾದರೂ ಕೇಳಿದರೆ, ಹೌದು, ಬಳಸಿದ್ದಾರೆ ಅನ್ನಿ. ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ.

ನಿಜಾಮರನ್ನು ಬಿಡಬೇಡಿ. 1948ರವರೆಗೆ ಊರು ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಮುಂಬಯಿ ಕಡೆಯ ರೈಲು, ಮದ್ರಾಸ್ ಕಡೆಯ ರೈಲು 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಇದಕ್ಕೆ ನಡಿಗೆ ಬೇಡ, ಊಟದ ಹೊತ್ತಿಗೆ ಹೇಳಿದರೂ ನಡೆಯುತ್ತದೆ.

ಬುರುಜಿನ_ಮೇಲೆ

ನಾಷ್ಟಾಕ್ಕೆ ಒಗ್ಗರಣಿ-ಮಿರ್ಚಿ ಬಿಟ್ಟು ಬೇರೆ ಯೋಚಿಸಬೇಡಿ. 28 ತಟ್ಟೆ ಅಂತ ಹಿಂದಿನ ದಿನವೇ ಅಂಗಡಿಯವರಿಗೆ ಹೇಳಿ. ಹೇಳದೆ ಹೋದರೆ ಮಿರ್ಚಿ ಎಣ್ಣೆಯಿಂದ ಇಳಿಯುವಷ್ಟರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ, ನಿಮ್ಮ 12.10 ಕೈ ತಪ್ಪುತ್ತದೆ. ಮಂಡಕ್ಕಿ ನೆನೆಸಿ ಒಗ್ಗರಣೆ ಕೊಟ್ಟ ಮೇಲೆ ಹೆಚ್ಚು ಹೊತ್ತು ಇಟ್ಟರೆ ಮುದ್ದೆಯಾಗುತ್ತದೆ, ಆದ್ದರಿಂದ ಗುಡ್ಡ ಇಳಿಯುತ್ತಿರುವಾಗ ಫೋನ್ ಮಾಡಿ "ಶುರು ಮಾಡ್ರಿ" ಅನ್ನಿ. ಮಕ್ಕಳಿಗೆ ಖಾರ ಕಡಿಮೆ ಮೆಣಸಿನಕಾಯಿ ಬೇರೆ ಕೇಳಿ.

ನವರಂಗಿ ಹತ್ತಿರದ ಮ್ಯೂಸಿಯಂ ಭಾನುವಾರ ಎಷ್ಟಕ್ಕೆ ತೆರೆಯುತ್ತೆ ಅಂತ ಶುಕ್ರವಾರವೇ ಹೋಗಿ ಕೇಳಿ ಬನ್ನಿ. ಮುಚ್ಚಿದ್ದರೆ ಆ ಅರ್ಧ ಗಂಟೆಯನ್ನು ದರ್ವಾಜಾದ ಕೆತ್ತನೆಗೇ ಕೊಡಿ.

ಅಕ್ಷರ_ಜಾಡು

ಹಗ್ಗ ನೈಲಾನ್ ಬೇಡ ಟೀಚರ್, ಎಳೆದರೆ ಹಿಗ್ಗುತ್ತದೆ. ನೂಲಿನ ಹಗ್ಗ ತನ್ನಿ, ಅಳೆದ ಮೇಲೆ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿ.