ಸಹಾಯ ಬೇಕು: ವಿಸ್ಕಾನ್ಸಿನ್ ಚಳಿಯಲ್ಲಿ ಜಿಂಕೆ ಬೇಟೆಗೆ ಕೂರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು, ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದೇನೆ. ಇಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಬೇಟೆಯಾಡಬಹುದು. ಊರಲ್ಲಾದರೆ ಜೈಲೇ ಗತಿ, ಗೊತ್ತು! ಬೇಟೆ ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ ಪ್ಲೀಸ್.

ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ 9 ದಿನದ ಬಂದೂಕಿನ ಸೀಸನ್ ಶುರುವಾಗುತ್ತದೆ. ಸಹೋದ್ಯೋಗಿಯೊಬ್ಬರು ತಮ್ಮ ಜಮೀನಿನಲ್ಲಿ ಕೂರಲು ಒಪ್ಪಿದ್ದಾರೆ. ಮೆಕ್ಕೆಜೋಳದ ಹೊಲದ ಅಂಚಲ್ಲಿ ಬ್ಲೈಂಡ್ ಇದೆ, ಅಂದರೆ ಡೇರೆಯಂಥ ಬಟ್ಟೆಯ ಮರೆ.

ಕಳೆದ ವರ್ಷ ಕೂತ ಎರಡೇ ಗಂಟೆಯಲ್ಲಿ ಎದ್ದು ಬಂದೆ. ಮೈನಸ್ 11 ಡಿಗ್ರಿ. ಆಗುಂಬೆಯ ಚಳಿ ಕಂಡವನು ಅಂತ ಜಂಬ ಇತ್ತು, ಕಾಲ್ಬೆರಳು ಮರಗಟ್ಟಿದಾಗ ಇಳಿಯಿತು. ಎಲ್ಲ ಬಟ್ಟೆ ಹಾಕಿಕೊಂಡೇ ಅರ್ಧ ಮೈಲಿ ಹಿಮದಲ್ಲಿ ನಡೆದಿದ್ದೆ. ಬೆವರಿಗೆ ಹತ್ತಿಯ ಕಾಲುಚೀಲ ಒದ್ದೆಯಾಯಿತು. ತಪ್ಪು ಅಲ್ಲೇ ಆಗಿದ್ದು ಅನ್ಸುತ್ತೆ. ಉಸಿರು ತಾಗಿ ಬಂದೂಕಿನ ಸ್ಕೋಪ್ (ಗುರಿ ನೋಡುವ ದುರ್ಬೀನು) ಗಾಜೂ ಮಂಜಾಯಿತು. ಅಷ್ಟರಲ್ಲಿ ಕುರ್ಚಿ ಕಿರ್ ಅಂತು, ಜಿಂಕೆ ಬಾಲ ಎತ್ತಿ ಓಡಿತು!

ಈ ಸಲ ಉಣ್ಣೆಯ ಕಾಲುಚೀಲ ತಂದಿದ್ದೇನೆ. ದಪ್ಪ ಜಾಕೆಟ್ ಚೀಲದಲ್ಲಿ ಒಯ್ದು, ಅಲ್ಲೇ ಹಾಕಿಕೊಳ್ಳುತ್ತೇನೆ. ಕಿತ್ತಳೆ ವೆಸ್ಟ್, ಟೋಪಿ ಇವೆ.

ಅನುಭವ ಇದ್ದವರು ಹೇಳಿ: ಅಲುಗಾಡದೆ ಕೂರುವವರಿಗೆ ಎಂಥ ಬೂಟು ಬೇಕು? ಒಂದು ಸೈಜ್ ದೊಡ್ಡದು ತಗೊಳ್ಳಲಾ? ಬ್ಲೈಂಡ್ ಒಳಗೆ ಪ್ರೊಪೇನ್ ಹೀಟರ್ ಇಡುತ್ತೀರಾ? ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ವಿಷಾನಿಲದ ಭಯ ನನಗೆ, ಕಿಟಕಿ ತೆರೆದರೆ ಸಾಕಾ? ಮ್ಯಾಡಿಸನ್ ಸುತ್ತಮುತ್ತ ಇರುವವರು ಒಂದು ಮೆಸೇಜ್ ಹಾಕಿ, ಫಿಲ್ಟರ್ ಕಾಫಿ ನನ್ನ ಲೆಕ್ಕ.