ಮುಂದಿನ ಡಿಫರೆನ್ಷಿಯಲ್ ಸೋರುತ್ತಿದೆ, ಹೊಸ ಸೀಲ್ ಹಾಕಿದರೂ ನಿಂತಿಲ್ಲ

ಹಳೆಗಾಡಿ:

ನನ್ನದು ತುಂಬಾ ಹಳೆಯ ಫೋರ್ ವೀಲ್ ಡ್ರೈವ್ ಗಾಡಿ. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಪಟ್ಟಾ ಸ್ಪ್ರಿಂಗ್, ಲಿವರ್ ಎಳೆದು ಹಾಕುವ ಟ್ರಾನ್ಸ್‌ಫರ್ ಕೇಸ್, ಮುಂದಿನ ಚಕ್ರಗಳಿಗೆ ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ, ಬಿಡಿಸುವ ಲಾಕ್). ಮುಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಗುಂಪು) ಸೋರುತ್ತಿದೆ, ಅದೇ ತಲೆನೋವು.

ಪಿನಿಯನ್ ಸೀಲ್ (ಪ್ರೊಪೆಲ್ಲರ್ ಶಾಫ್ಟಿನಿಂದ ತಿರುಗುವ ಚಿಕ್ಕ ಗೇರ್ ಹೊರಗೆ ಬರುವ ಜಾಗದಲ್ಲಿ ಆಯಿಲ್ ತಡೆಯುವ ರಬ್ಬರ್ ಉಂಗುರ) ಹೋಗಿದೆ ಅಂತ ಗ್ಯಾರೇಜಿನಲ್ಲಿ ಹೊಸದು ಹಾಕಿಕೊಟ್ಟರು. ಸ್ವಲ್ಪ ದಿನ ಒಣಗಿತ್ತು, ಆಮೇಲೆ ಮತ್ತೆ ಅದೇ ಕಥೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿದರೆ ಹನಿಯೂ ಬೀಳುವುದಿಲ್ಲ. ಮೂತಿ ಮೇಲೆ ಬರುವ ಹಾಗೆ ಏರಿನಲ್ಲಿ ನಿಲ್ಲಿಸಿದರೆ ಮಾತ್ರ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಅಂಗೈ ಅಗಲದ ಕಲೆ. ಫೋರ್ ವೀಲ್ ಹಾಕಿಕೊಂಡು ಜಾಸ್ತಿ ಹೊತ್ತು ಓಡಿಸಿದ ದಿನ ಕೆಳಗೆ ನುಗ್ಗಿ ನೋಡಿದರೆ ಹೌಸಿಂಗಿನ ಹಿಂಭಾಗ ಪೂರ್ತಿ ಒದ್ದೆ, ಮೇಲಿನ ತಗಡಿಗೂ ಚಿಮ್ಮಿರುತ್ತದೆ.

ಈಗ ಡಿಫರೆನ್ಷಿಯಲ್ ಇಳಿಸಿ ಪೂರ್ತಿ ಬಿಚ್ಚಬೇಕು ಅನ್ನುತ್ತಿದ್ದಾರೆ. ಒಂದು ಸೀಲಿಗೋಸ್ಕರ ಅಷ್ಟೆಲ್ಲ ಬೇಕಾ? ಜ್ಯಾಕ್, ಸ್ಟ್ಯಾಂಡ್, ಟಾರ್ಕ್ ರೆಂಚ್ ಎಲ್ಲ ಇವೆ. ಬ್ರೇಕ್, ವೀಲ್ ಬೇರಿಂಗ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಆದರೆ ಕ್ರೌನ್ ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ದೊಡ್ಡ ಗೇರ್, ಚಿಕ್ಕ ಗೇರ್ ಜೋಡಿ) ಕಡೆ ಕೈ ಹಾಕಿಲ್ಲ. ಮಾಡಬಹುದಾ? ಅಲ್ಲಿಯವರೆಗೆ ಓಡಿಸಿದರೆ ಏನಾದರೂ ಆಗುತ್ತಾ?

ಗ್ರೀಸ್‌ಕೈ:

ಬಿಚ್ಚುವ ಮಾತು ಆಮೇಲೆ. ಮೊದಲು ಅದು ಡಿಫರೆನ್ಷಿಯಲ್ ಆಯಿಲ್ಲೇ ಹೌದಾ ನೋಡಿ. ಮುಂದಿನ ಹೌಸಿಂಗ್ ಇರುವುದು ಇಂಜಿನ್ ಕೆಳಗೆ. ಮೇಲೆ ಎಲ್ಲಿ ಸೋರಿದರೂ ಇಳಿದು ಬಂದು ಹನಿಯಾಗುವುದು ಅದರ ತಳದಲ್ಲೇ. ಪಾಪ, ಬೈಗುಳ ತಿನ್ನುವುದು ಡಿಫರೆನ್ಷಿಯಲ್. ಎರಡು ಬೆರಳಿಗೆ ಹಚ್ಚಿಕೊಂಡು ಮೂಸಿ. ಗೇರ್ ಆಯಿಲ್ ಮಂದವಾಗಿರುತ್ತದೆ, ಗಂಧಕದ ಗಬ್ಬು ವಾಸನೆ ಇರುತ್ತದೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ. ತೆಳ್ಳಗೆ ಕೆಂಪಗಿದ್ದರೆ ಪವರ್ ಸ್ಟೀರಿಂಗ್ ಕಡೆ ನೋಡಿ.

ಡಿಫರೆನ್ಷಿಯಲ್‌ದೇ ಅಂತಾದರೆ ಹೌಸಿಂಗ್ ಪೂರ್ತಿ ಬ್ರೇಕ್ ಕ್ಲೀನರ್ ಹಾಕಿ ತೊಳೆಯಿರಿ. ಒಣಗಲಿ. ಆಮೇಲೆ ಟಾಲ್ಕಂ ಪೌಡರ್ ಉದುರಿಸಿ, ಮೂತಿ ಮೇಲೆ ಮಾಡಿ ರಾತ್ರಿ ನಿಲ್ಲಿಸಿ. ಪೌಡರ್ ಮೊದಲು ಎಲ್ಲಿ ಕಪ್ಪಾಗುತ್ತದೋ ಅಲ್ಲೇ ಸೋರಿಕೆ. ಓಡಿಸಿ ನೋಡಬೇಡಿ, ಗಾಳಿಗೆ ಎಲ್ಲ ಹರಡಿ ಏನೂ ಗೊತ್ತಾಗುವುದಿಲ್ಲ.

ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ ಹಿಂದಕ್ಕೆ ಮುಖ ಮಾಡಿರುತ್ತದೆ ಅಲ್ವಾ, ಹಾಗಾಗಿ ಮೂತಿ ಮೇಲಾದಾಗ ಆಯಿಲ್ ಆ ಕಡೆ ಬಂದು ನಿಲ್ಲುತ್ತದೆ. ನೀವು ಹೇಳಿದ್ದು ಅದಕ್ಕೆ ಸರಿಹೊಂದುತ್ತದೆ. ಆದರೆ ಒಂದು ಮಾತು. ನಿಮ್ಮ ಹೌಸಿಂಗಿಗೆ ಮುಂದುಗಡೆ ತಗಡಿನ ಮುಚ್ಚಳ ಇದೆಯಾ, ಅಥವಾ ಪಿನಿಯನ್ ಕಡೆಯಿಂದ ಇಡೀ ಗುಂಡು (ಕ್ರೌನ್ ಪಿನಿಯನ್ ಎರಡೂ ಕೂತಿರುವ ಭಾಗ) ಹೊರಗೆ ಎಳೆಯುವ ಥರದ್ದಾ? ಎರಡನೆಯದಾದರೆ ಆ ಗುಂಡು ಕೂರುವ ಜಾಗದ ಗ್ಯಾಸ್ಕೆಟ್ ಕೂಡ ಪಿನಿಯನ್ ಕಡೆಗೇ ಇರುತ್ತದೆ. ಅಲ್ಲಿ ಸೋರಿದರೂ ನೋಡಲು ಪಿನಿಯನ್ ಸೀಲ್ ಸೋರಿದ ಹಾಗೇ ಕಾಣುತ್ತದೆ.

ಇದೆಲ್ಲಕ್ಕಿಂತ ಮೊದಲು ಬ್ರೀದರ್ ನೋಡಿ. ಹೊಸ ಸೀಲ್ ಬೇಗ ಸೋರಿತು ಅಂದರೆ ನನಗೆ ಮೊದಲು ಅನುಮಾನ ಬರುವುದೇ ಅದರ ಮೇಲೆ. ಆಕ್ಸಲ್ ಟ್ಯೂಬಿನ ಮೇಲೆ ಚಿಕ್ಕದೊಂದು ಟೋಪಿ ಇರುತ್ತದೆ, ಇಲ್ಲವೇ ಒಂದು ರಬ್ಬರ್ ಪೈಪ್ ಮೇಲಕ್ಕೆ ಹೋಗಿರುತ್ತದೆ. ಗೇರ್ ತಿರುಗಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಗೆ ಹೋಗುವುದು ಅಲ್ಲಿಂದ. ಕೆಸರು ತುಂಬಿಯೋ ತುಕ್ಕು ಹಿಡಿದೋ ಅದು ಮುಚ್ಚಿಹೋದರೆ ಒತ್ತಡ ಸೀಲ್ ಕಡೆಗೆ ತಿರುಗುತ್ತದೆ. ಸೀಲಿನ ತುಟಿ ಆಯಿಲ್ ತಡೆಯಲು ಮಾಡಿದ್ದು, ಒತ್ತಡ ತಡೆಯಲು ಅಲ್ಲ. ಫೋರ್ ವೀಲ್ ಹಾಕಿದ ದಿನವೇ ಜಾಸ್ತಿ ಒದ್ದೆ ಅನ್ನುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ.

ಕೆಸರುದಾರಿ:

ಜನ ಯಾಕೆ ಸುಮ್ನೆ ಸೀಲಿಗೆ ಇಷ್ಟು ಹೆದರುತ್ತಾರೋ ಗೊತ್ತಿಲ್ಲ. ಒದ್ದೆಯಾಗುವುದು ಬೇರೆ, ಹನಿಯುವುದು ಬೇರೆ. ಹಳೆ ಗಾಡಿ ಬೆವರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಫಿಲ್ಲರ್ ಪ್ಲಗ್ ಬಿಚ್ಚಿ, ಕಿರುಬೆರಳು ತೂರಿಸಿ. ಆಯಿಲ್ ರಂಧ್ರದ ಕೆಳ ಅಂಚಿನವರೆಗೆ ಇದ್ದರೆ ಸಾಕು. ಬಿಚ್ಚಿದ ತಕ್ಷಣ ಸುರಿದರೆ ಯಾರೋ ಜಾಸ್ತಿ ತುಂಬಿದ್ದಾರೆ ಅಂತ ಅರ್ಥ, ಸೋರಲು ಅದೂ ಒಂದು ಕಾರಣ.

ಓಡಿಸಬಹುದಾ ಅಂದರೆ, ಹಬ್ ಫ್ರೀ ಮಾಡಿ ಟೂ ವೀಲ್‌ನಲ್ಲಿ ಓಡಿಸುವಾಗ ನಿಮ್ಮ ಗಾಡಿಯಲ್ಲಿ ಮುಂದಿನ ಕ್ರೌನ್ ಪಿನಿಯನ್ ತಿರುಗುವುದೇ ಇಲ್ಲ. ಆಯಿಲ್ ಸ್ವಲ್ಪ ಕಮ್ಮಿ ಇದ್ದರೂ ಏನೂ ಆಗುವುದಿಲ್ಲ. ಹಬ್ ಲಾಕ್ ಮಾಡುವ ಮುಂಚೆ ಮಾತ್ರ ಮಟ್ಟ ನೋಡಿಕೊಳ್ಳಿ. ಆಯಿಲ್ ಕಮ್ಮಿಯಾದರೆ ಪಿನಿಯನ್ ಬೇರಿಂಗ್ ಒಣಗುತ್ತದೆ, ಆಕ್ಸಿಲರೇಟರ್ ಕೊಟ್ಟಾಗ ಕುಂಯ್ ಅನ್ನುವ ಸದ್ದು ಶುರುವಾಗುತ್ತದೆ. ಸದ್ದು ಬಂದ ಮೇಲೆ ಆಯಿಲ್ ತುಂಬಿ ಪ್ರಯೋಜನವಿಲ್ಲ.

ನಾನು ಹೆದರುವ ಸೋರಿಕೆ ಬೇರೆ ಇದೆ. ಚಕ್ರದ ಹತ್ತಿರ, ಸ್ಟೀರಿಂಗ್ ನಕಲ್ (ಚಕ್ರ ಅತ್ತಿತ್ತ ತಿರುಗುವ ಕೀಲು) ಗುಂಡಿನ ಕೆಳಗೆ ಕಪ್ಪಾಗಿ ತೆಳ್ಳಗೆ ಇಳಿದು ಟೈರಿನ ಒಳಮೈಗೆ ಗೆರೆ ಬಿದ್ದಿದೆಯಾ ನೋಡಿ. ಹಾಗಿದ್ದರೆ ಆಕ್ಸಲ್ ಟ್ಯೂಬಿನ ತುದಿಯ ಒಳ ಸೀಲ್ ಹೋಗಿದೆ, ಗೇರ್ ಆಯಿಲ್ ನಕಲ್ ಒಳಗೆ ಬಂದು ಅಲ್ಲಿನ ಗ್ರೀಸನ್ನು ಕರಗಿಸಿ ನೀರು ಮಾಡಿದೆ. ಅದು ಬ್ರೇಕಿಗೆ ತಾಗಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಅದನ್ನು ಮಾತ್ರ ನಾಳೆ ಅನ್ನಬೇಡಿ.

ಪಾನಾ17:

ಕೆಸರುದಾರಿ ಹೇಳಿದ್ದು ಬೆವರುವ ಗಾಡಿಗೆ ಸರಿ, ಆದರೆ ಇಲ್ಲಿ ತಗಡಿಗೆ ಚಿಮ್ಮಿದೆ ಅನ್ನುತ್ತಿದ್ದಾರೆ. ತಿರುಗುವ ಫ್ಲ್ಯಾಂಜ್ (ಪಿನಿಯನ್ ತುದಿಗೆ ಕೂತಿರುವ, ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ತಟ್ಟೆ) ಎಸೆದರೆ ಮಾತ್ರ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ನನ್ನ ಪ್ರಕಾರ ಇದು ಪಿನಿಯನ್ ಸೀಲೇ, ಹೊಸ ಸೀಲ್ ಯಾಕೆ ಹೋಯಿತು ಅನ್ನುವುದೇ ಪ್ರಶ್ನೆ. ಬ್ರೀದರ್ ಸರಿಯಿದ್ದರೆ ಇನ್ನು ಮುಖ್ಯವಾಗಿ ಎರಡು ಕಾರಣ.

ಮೊದಲನೆಯದು ಬೇರಿಂಗ್ ಪ್ಲೇ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಫ್ಲ್ಯಾಂಜನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸುವಾಗ ಸ್ವಲ್ಪ ಸಡಿಲ ಇರುವುದು ಸಹಜ, ಅದು ಹಲ್ಲುಗಳ ನಡುವಿನ ಅಂತರ. ಮೇಲೆ ಕೆಳಗೆ ಅಥವಾ ಹಿಂದೆ ಮುಂದೆ ಅಲ್ಲಾಡಿದರೆ ಬೇರಿಂಗ್ ಹೋಗಿದೆ, ಆಗ ಯಾವ ಸೀಲ್ ಹಾಕಿದರೂ ನಿಲ್ಲುವುದಿಲ್ಲ, ನಿಮ್ಮ ಗ್ಯಾರೇಜಿನವರು ಹೇಳಿದ ಹಾಗೆ ಇಳಿಸಲೇಬೇಕು.

ಎರಡನೆಯದು ಫ್ಲ್ಯಾಂಜಿನ ಕುತ್ತಿಗೆ. ಸೀಲಿನ ತುಟಿ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಜ್ಜಿ ಅಲ್ಲಿ ಒಂದು ಕಾಲುವೆ ಕೊರೆದಿರುತ್ತದೆ. ಕಣ್ಣಿಗೆ ಬರೀ ಹೊಳೆಯುವ ಗೆರೆಯಂತೆ ಕಾಣುತ್ತದೆ. ಉಗುರು ಅಡ್ಡ ಎಳೆದು ನೋಡಿ, ಸಿಕ್ಕಿಕೊಂಡರೆ ಮುಗಿಯಿತು. ಹೊಸ ಸೀಲ್ ಕೂಡ ಅದೇ ಕಾಲುವೆ ಮೇಲೆ ಕೂರುತ್ತದೆ. ಅದಕ್ಕೆ ಹೊಸ ಫ್ಲ್ಯಾಂಜ್, ಇಲ್ಲವೇ ಆ ಕುತ್ತಿಗೆ ಮೇಲೆ ಬಡಿದು ಕೂರಿಸುವ ತೆಳ್ಳನೆಯ ಸ್ಟೀಲ್ ಸ್ಲೀವ್. ಕೆಲವರು ಸೀಲನ್ನು ಒಂದೆರಡು ಎಂಎಂ ಹೊರಗೆ ನಿಲ್ಲಿಸಿ ತುಟಿ ಬೇರೆ ಜಾಗಕ್ಕೆ ಬರುವ ಹಾಗೆ ಮಾಡುತ್ತಾರೆ, ಜಾಗ ಇದ್ದರೆ ಅದೂ ನಡೆಯುತ್ತದೆ.

ನೀವೇ ಮಾಡಬಹುದು, ಆದರೆ ಪಿನಿಯನ್ ನಟ್ ಬರೀ ಫ್ಲ್ಯಾಂಜ್ ಹಿಡಿಯುವ ನಟ್ ಅಲ್ಲ ಅನ್ನುವುದು ತಲೆಯಲ್ಲಿರಲಿ. ಬೇರಿಂಗುಗಳ ಮೇಲೆ ಎಷ್ಟು ಬಿಗಿ ಇರಬೇಕು ಅನ್ನುವುದನ್ನೂ ಅದೇ ನಿರ್ಧರಿಸುತ್ತದೆ. ಬಹಳ ಗಾಡಿಗಳಲ್ಲಿ ಎರಡು ಬೇರಿಂಗುಗಳ ನಡುವೆ ಕ್ರಷ್ ಸ್ಲೀವ್ ಇರುತ್ತದೆ, ನಟ್ ಬಿಗಿದ ಹಾಗೆ ಅದು ಕುಗ್ಗುತ್ತದೆ, ಒಮ್ಮೆ ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ. ಇಂಪ್ಯಾಕ್ಟ್ ಗನ್ ಹಿಡಿದು ಡರ್ ಅನ್ನಿಸಿದರೆ ಬೇರಿಂಗ್ ಅತಿಯಾಗಿ ಬಿಗಿಯಾಗಿ ಸುಟ್ಟುಹೋಗುತ್ತದೆ. ನಟ್ ಸ್ವಲ್ಪ ಸಡಿಲಿಸಿದರೆ ಸರಿಯಾಯಿತು ಅಂತಲೂ ಅಲ್ಲ, ಹೊಸ ಸ್ಲೀವೇ ಹಾಕಬೇಕು. ಕೆಲವು ಗಾಡಿಗಳಲ್ಲಿ ಕ್ರಷ್ ಸ್ಲೀವ್ ಬದಲು ಗಟ್ಟಿ ಸ್ಪೇಸರ್ ಮತ್ತು ಶಿಮ್ (ಅಂತರ ಹೊಂದಿಸುವ ತೆಳ್ಳನೆಯ ಬಿಲ್ಲೆ) ಇರುತ್ತವೆ, ಅವುಗಳಿಗೆ ಮ್ಯಾನ್ಯುಯಲ್ ಹೇಳಿದ ಟಾರ್ಕ್ ಕೊಟ್ಟರೆ ಆಯಿತು. ನಿಮ್ಮದು ಯಾವುದು ಅಂತ ಮ್ಯಾನ್ಯುಯಲ್ ನೋಡದೆ ಪಾನಾ ಹಚ್ಚಬೇಡಿ.

ಹಳೆಗಾಡಿ:

ಎಲ್ಲರಿಗೂ ಥ್ಯಾಂಕ್ಸ್. ನೋಡಿದೆ. ಬ್ರೀದರ್ ಪೈಪಿನ ತುದಿಯಲ್ಲಿ ಕಣಜ ಗೂಡು ಕಟ್ಟಿತ್ತು! ಒಣಗಿದ ಮಣ್ಣು, ತಂತಿ ಹಾಕಿ ಚುಚ್ಚಿದರೆ ಪುಡಿಪುಡಿಯಾಗಿ ಉದುರಿತು. ಪೈಪ್ ಊದಿದರೆ ಈಗ ಗಾಳಿ ಹೋಗುತ್ತದೆ. ಪೌಡರ್ ಹಾಕಿ ನೋಡಿದೆ, ಗುಂಡಿನ ಗ್ಯಾಸ್ಕೆಟ್ ಸುತ್ತ ಬೆಳ್ಳಗೇ ಇದೆ, ಕಪ್ಪಾಗಿದ್ದು ಫ್ಲ್ಯಾಂಜಿನ ಕೆಳಗೆ ಮಾತ್ರ. ಅಲ್ಲಾಡಿಸಿದೆ, ಪ್ಲೇ ಇಲ್ಲ. ಟೈರಿನ ಒಳಗಡೆ ಒಣಗಿದೆ.

ಮ್ಯಾನ್ಯುಯಲ್ ಪ್ರಕಾರ ಕ್ರಷ್ ಸ್ಲೀವ್. ಈಗ ಮೊದಲಿನಷ್ಟೇ ಬಿಗಿ ಬರುವ ಹಾಗೆ ಮಾಡುವುದು ಹೇಗೆ? ನನ್ನ ಟಾರ್ಕ್ ರೆಂಚ್ ಕ್ಲಿಕ್ ಅನ್ನುವ ದೊಡ್ಡದು.

ಪಾನಾ17:

ಕಣಜ! ಚೆನ್ನಾಗಿದೆ. ಆ ತುದಿಗೆ ಒಂದು ಚಿಕ್ಕ ಫಿಲ್ಟರ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ.

ದೊಡ್ಡ ರೆಂಚ್ ಈ ಅಳತೆಗೆ ಬರುವುದಿಲ್ಲ. ಪಿನಿಯನ್ ತಿರುಗಿಸಲು ಬೇಕಾಗುವ ಬಲ ಬರೀ ಒಂದೆರಡು ನ್ಯೂಟನ್ ಮೀಟರ್ ಆಸುಪಾಸು ಇರುತ್ತದೆ. ಮುಳ್ಳು ತೋರಿಸುವ ಚಿಕ್ಕ ರೆಂಚ್ ಬೇಕು. ಮುಂದಿನ ಆಕ್ಸಲ್ ಅನ್ನುವುದು ನಿಮ್ಮ ಅದೃಷ್ಟ, ಹಬ್ ಎರಡೂ ಫ್ರೀ ಮಾಡಿದರೆ ಚಕ್ರ, ಬ್ರೇಕ್ ಯಾವುದರ ಎಳೆತವೂ ಲೆಕ್ಕಕ್ಕೆ ಬರುವುದಿಲ್ಲ. ಪ್ರೊಪೆಲ್ಲರ್ ಶಾಫ್ಟಿಗೂ ಫ್ಲ್ಯಾಂಜಿಗೂ ಗುರುತು ಹಾಕಿ ಬಿಚ್ಚಿ. ನಟ್ ಮುಟ್ಟುವ ಮುಂಚೆಯೇ ನಿಧಾನಕ್ಕೆ ಒಂದೇ ಸಮನೆ ತಿರುಗಿಸಿ, ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಬರೆದಿಟ್ಟುಕೊಳ್ಳಿ. ತಿರುಗಲು ಶುರುವಾಗುವಾಗಿನ ಜಿಗಿತ ಬೇಡ, ತಿರುಗುತ್ತಿರುವಾಗಿನ ಅಂಕಿ. ಆಮೇಲೆ ನಟ್, ಪಿನಿಯನ್ ತುದಿ, ಫ್ಲ್ಯಾಂಜ್ ಮೂರರ ಮೇಲೂ ಒಂದೇ ಸಾಲಿನಲ್ಲಿ ಚುಕ್ಕೆ ಕೊರೆಯಿರಿ. ನಟ್ ಹೊರಗೆ ಎಷ್ಟು ಎಳೆ ಕಾಣುತ್ತಿದೆ ಎಣಿಸಿ.

ಫ್ಲ್ಯಾಂಜ್ ಬರದಿದ್ದರೆ ಪುಲ್ಲರ್ ಹಾಕಿ, ಸುತ್ತಿಗೆಯಲ್ಲಿ ಬಡಿಯಬೇಡಿ. ಸೀಲ್ ತೆಗೆಯುವಾಗ ಅದು ಕೂರುವ ಜಾಗಕ್ಕೆ ಸ್ಕ್ರೂ ಡ್ರೈವರ್ ಗೀರು ಬಿದ್ದರೆ ಸೀಲಿನ ಹೊರಗಿನಿಂದ ಸೋರುತ್ತದೆ. ಹೊಸದರ ತುಟಿಗೆ ಗ್ರೀಸ್ ಹಚ್ಚಿ, ಸ್ಪ್ರಿಂಗ್ ಇರುವ ಕಡೆ ಒಳಕ್ಕೆ ಮಾಡಿ, ಸೀಲಿನಷ್ಟೇ ಅಗಲದ ಪೈಪ್ ಇಟ್ಟು ಸುತ್ತಲೂ ಸಮನಾಗಿ ತಟ್ಟಿ. ಫ್ಲ್ಯಾಂಜಿನ ಒಳಗಿನ ಹಲ್ಲುಗಳಿಗೆ ಸ್ವಲ್ಪ ಸೀಲಂಟ್ ಬೇಕೇ ಬೇಕು. ಆಯಿಲ್ ಆ ಹಲ್ಲುಗಳ ಸಂದಿಯಲ್ಲೂ ಹರಿದು ನಟ್ ಕೆಳಗಿಂದ ಹೊರಗೆ ಬರುತ್ತದೆ, ಆಗ ಜನ ಸೀಲನ್ನೇ ಬೈಯುತ್ತಾರೆ.

ನಟ್ ಹೊಸದು ಹಾಕುವುದು ಒಳ್ಳೆಯದು, ಹಳೆಯದರ ಚುಕ್ಕೆಯನ್ನು ಹೊಸದಕ್ಕೆ ನಂಬಲಾಗುವುದಿಲ್ಲ, ಅಂಕಿಯನ್ನೇ ನಂಬಿ. ಫ್ಲ್ಯಾಂಜಿಗೆ ಉದ್ದ ಪಟ್ಟಿ ಬೋಲ್ಟ್ ಮಾಡಿ ಹಿಡಿದುಕೊಂಡು ಸ್ವಲ್ಪ ಸ್ವಲ್ಪವೇ ಬಿಗಿದು, ಪ್ರತಿ ಸಲ ತಿರುಗಿಸಿ ಅಳೆಯಿರಿ. ಬರೆದಿಟ್ಟ ಅಂಕಿ ಬಂತು, ಅದಕ್ಕಿಂತ ಕೂದಲೆಳೆ ಜಾಸ್ತಿ ಬಂತು ಅಂದರೆ ನಿಲ್ಲಿಸಿ. ಹೊಸ ಬೇರಿಂಗಿನ ಅಂಕಿ ಮ್ಯಾನ್ಯುಯಲ್‌ನಲ್ಲಿ ಇದಕ್ಕಿಂತ ತುಂಬಾ ಜಾಸ್ತಿ ಇರುತ್ತದೆ, ಓಡಿದ ಬೇರಿಂಗಿಗೆ ಅದು ಬೇಡ. ಕೊನೆಗೆ ನಟ್ ಸಡಿಲವಾಗದ ಹಾಗೆ ಅದರ ಅಂಚನ್ನು ಪಿನಿಯನ್ ತುದಿಯ ತೋಡಿನೊಳಕ್ಕೆ ಬಡಿದು ಕೂರಿಸಿ.

ಗ್ರೀಸ್‌ಕೈ:

ಬಿಚ್ಚಿದ ಮೇಲೆ ಆಯಿಲ್ಲೂ ಬದಲಾಯಿಸಿ. ಫಿಲ್ಲರ್ ಪ್ಲಗ್ ಮೊದಲು ಬಿಚ್ಚಿ, ಡ್ರೇನ್ ಆಮೇಲೆ. ಖಾಲಿ ಮಾಡಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬರಲಿಲ್ಲ ಅಂದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಬ್ರೀದರ್ ಮುಚ್ಚಿದ್ದರಿಂದ ಬಣ್ಣವನ್ನೂ ನೋಡಿ. ಬಿಸಿ ಆಕ್ಸಲ್ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ಬೆಳ್ಳಗೆ ನೊರೆನೊರೆಯಾಗಿದ್ದರೆ ನೀರು ಸೇರಿದೆ. ಡ್ರೇನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿದ್ದರೆ ಪರವಾಗಿಲ್ಲ, ಉಗುರಿನ ಚೂರಿನಂಥ ಲೋಹ ಸಿಕ್ಕಿದರೆ ಫೋಟೋ ಹಾಕಿ.

ಸಾಮಾನ್ಯವಾಗಿ 80ಡಬ್ಲ್ಯೂ-90, ಜಿಎಲ್-5 ದರ್ಜೆಯದು. ಲಿಮಿಟೆಡ್ ಸ್ಲಿಪ್ (ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಥರದ ಡಿಫರೆನ್ಷಿಯಲ್) ಇದ್ದರೆ ಅದಕ್ಕೆ ಬೇರೆ ಆಯಿಲ್.

ಹಳೆಗಾಡಿ:

ಫ್ಲ್ಯಾಂಜ್ ಬಂತು. ಉಗುರು ಸಿಕ್ಕಿಕೊಳ್ಳುತ್ತದೆ, ಒಂದಲ್ಲ, ಪಕ್ಕಪಕ್ಕ ಎರಡು ಗೆರೆ. ಸ್ಲೀವ್ ಹುಡುಕುತ್ತಿದ್ದೇನೆ. ಆಯಿಲ್ ಕಪ್ಪಗಿದೆ, ಆದರೆ ನೊರೆ ಇಲ್ಲ, ಅಯಸ್ಕಾಂತದ ಮೇಲೆ ಬರೀ ಪೇಸ್ಟ್.

ಕೆಸರುದಾರಿ:

ಸ್ಲೀವ್ ಅಳತೆಗೆ ಕುತ್ತಿಗೆಯ ಉಜ್ಜದೇ ಇರುವ ಭಾಗವನ್ನು ಅಳೆಯಿರಿ, ಗೆರೆ ಬಿದ್ದ ಜಾಗವನ್ನಲ್ಲ. ಎಲ್ಲ ಸರಿಹೋದ ಮೇಲೆ ತಿಂಗಳಿಗೊಮ್ಮೆ ಹಬ್ ಲಾಕ್ ಮಾಡಿ ಮಣ್ಣು ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ, ಡಾಂಬರಿನ ಮೇಲೆ ಬೇಡ. ತಿರುಗದೇ ನಿಂತರೆ ಸೀಲಿನ ತುಟಿ ಒಣಗಿ ಗಟ್ಟಿಯಾಗುತ್ತದೆ.