ಅಪ್‌ಡೇಟ್: ಆಕ್ಸ್ ಪೋರ್ಟಿನ ಮೋಡೆಮ್ ಕೊನೆಗೂ ದಾರಿಗೆ ಬಂತು
ಹೋದ ವಾರ ಕೇಳಿದ್ದೆನಲ್ಲ, ಶಾಖೆಯ ಸಿಸ್ಕೋ 2600 ರೂಟರಿನ ಆಕ್ಸ್ ಪೋರ್ಟಿಗೆ (ದೂರದಿಂದ ರೂಟರಿಗೆ ಲಾಗಿನ್ ಆಗಲು ಬಳಸುವ ಹೆಚ್ಚುವರಿ ಪೋರ್ಟ್) ಫೋನ್ ಲೈನಿನ ಅನಲಾಗ್ ಮೋಡೆಮ್ ಹಾಕಿದ್ದೇನೆ, ಡಯಲ್ ಮಾಡಿದರೆ ಕರೆ ಎತ್ತುತ್ತೆ, ಲಾಗಿನ್ ಮಾತ್ರ ಬರಲ್ಲ ಅಂತ. ಈಗ ಸರಿಹೋಯ್ತು.

ರೂಟರ್-ಮೋಡೆಮ್ ನಡುವಿನ ಸ್ಪೀಡ್ ಇಳಿಸಿ ಅಂದಿದ್ರಿ. 115200ರಿಂದ 9600ಕ್ಕೆ ಇಳಿಸಿದೆ, ಪ್ರಯೋಜನವಾಗಲಿಲ್ಲ. ಎರಡನ್ನೂ ಜೋಡಿಸೋ ರೋಲ್‌ಓವರ್ ಕೇಬಲ್ ಹೊಸದು ತಂದಿದ್ದೂ ದಂಡ.

ಕೆಲಸಕ್ಕೆ ಬಂದಿದ್ದು 'ಮೊದಲು ಮೋಡೆಮ್ ಬಾಯಿ ಮುಚ್ಚಿಸಿ' ಅಂದವರ ಸಲಹೆ. ನಾನು ರೂಟರಿನ ಆಕ್ಸ್ ಲೈನಿನಲ್ಲಿ 'ಮೋಡೆಮ್ ಇನ್‌ಔಟ್' (ಇಲ್ಲಿ ಮೋಡೆಮ್ ಇದೆ, ಅದರ ಸಿಗ್ನಲ್ ಗಮನಿಸು ಅನ್ನೋ ಕಮಾಂಡ್) ಕೊಟ್ಟೇ ಇರಲಿಲ್ಲ. ಹಾಗಾಗಿ ಮೋಡೆಮ್ ಕಳಿಸುವ 'ರಿಂಗ್', 'ಕನೆಕ್ಟ್' ಪದಗಳನ್ನೇ ರೂಟರ್ ಯಾರೋ ಟೈಪ್ ಮಾಡಿದ ಯೂಸರ್‌ನೇಮ್ ಅಂದುಕೊಳ್ತಿತ್ತು! ಅದು ಪಾಸ್‌ವರ್ಡ್ ಕೇಳಿದರೆ ಮೋಡೆಮ್ ಅದನ್ನೇ ಪ್ರತಿಧ್ವನಿಸೋದು. ಇಬ್ಬರು ಕಿವುಡರ ಸಂಭಾಷಣೆ.

ಅದನ್ನೂ, ಲೈನಿಗೆ ಒಳಬರುವ ಸಂಪರ್ಕ ಬಿಡುವ 'ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಆಲ್' ಅನ್ನೂ ಹಾಕಿ, ಪೋರ್ಟ್ 2065ಕ್ಕೆ ರಿವರ್ಸ್ ಟೆಲ್ನೆಟ್ ಮಾಡಿದೆ, ಅಂದರೆ ರೂಟರ್ ಮೂಲಕ ನೇರ ಮೋಡೆಮ್ ಜೊತೆ ಮಾತಾಡಿದೆ (2000ಕ್ಕೆ ಆಕ್ಸ್ ಲೈನ್ ಸಂಖ್ಯೆ 65 ಕೂಡಿಸಿ, ನಿಮ್ಮ ರೂಟರಿನದು 'ಶೋ ಲೈನ್'ನಲ್ಲಿ ಸಿಗುತ್ತೆ). ಅಲ್ಲಿ ಎಟಿ ಕಮಾಂಡಿನಲ್ಲಿ (ಮೋಡೆಮ್‌ಗೆ ಕೊಡುವ ಆದೇಶ) ಇ0 (ಪ್ರತಿಧ್ವನಿ ಬಂದ್), ಕ್ಯೂ1 ('ರಿಂಗ್', 'ಓಕೆ' ಥರದ ಉತ್ತರ ಬಂದ್), ಎಸ್0=1 (ಮೊದಲ ರಿಂಗಿಗೇ ಕರೆ ಎತ್ತು), ಕೊನೆಗೆ ಉಳಿಸಲು &ಡಬ್ಲ್ಯೂ. ಕ್ಯೂ1 ಆದಮೇಲೆ 'ಓಕೆ' ಬರಲ್ಲ, ಗಾಬರಿ ಬೇಡ. ನಾನಂತೂ ಮೋಡೆಮ್ ಸತ್ತೇಹೋಯ್ತು ಅಂತ ಎರಡು ಸಲ ಆಫ್ ಮಾಡಿ ಆನ್ ಮಾಡಿದೆ.

ಈಗ ಲಾಗಿನ್ ಬರುತ್ತೆ, ಕರೆ ಕಟ್ ಆದರೆ 'ಮೋಡೆಮ್ ಇನ್‌ಔಟ್' ಇರೋದರಿಂದ ಸೆಷನ್ನೂ ತಾನಾಗಿ ಮುಚ್ಚಿಕೊಳ್ಳುತ್ತೆ.